ಮೊದಲು ಬರಿಯ ತಕ್ಕಡಿ

ಅಂತಿಮ ಬಿ.ಎ. ವಿದ್ಯಾರ್ಥಿ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಗಾಮಾ ಕಿರಣ, ಹರಳು, ಬೆಳಕಿನ ಮಿನುಗು ಎಂದು ಮಾತನ್ನಾರಂಭಿಸಿದರೆ ವಾಚಕರು ಹುಬ್ಬೇರಿಸುವುದು ಸಹಜವೇ ಸರಿ. "ಇವನಿಗೇಕಪ್ಪ ಈ ಉಸಾಬರಿ? ಇತಿಹಾಸದ ಟಿಪ್ಪಣಿಗಳನ್ನು ಉರು ಹಾಕಿಕೊಂಡು ಪರೀಕ್ಷೆಗೆ ಕೂಡಬಾರದೆ?" ಎಂದು ನನ್ನ ಸಹಪಾಠಿಗಳೇ ಕೇಳಿದ್ದಾರೆ. ಅವರಿಗೆ ನನ್ನ ಉತ್ತರವಿಷ್ಟೆ: ಈ ವಿಷಯವನ್ನು ನಾನು ಹುಡುಕಿಕೊಂಡು ಹೋದವನಲ್ಲ, ಅದೇ ನಮ್ಮ ಮನೆಯ ಬಾಗಿಲಿಗೆ ಬಂದಿತು. ಬಂದದ್ದು ನಮ್ಮವ್ವನ ಕೊರಳಿನ ಗಂಟಿನ ರೂಪದಲ್ಲಿ.

ನಮ್ಮದು ಕೊಬ್ಬರಿ ವ್ಯಾಪಾರದ ಊರು. ಅಪ್ಪ ಮಂಡಿಯಲ್ಲಿ ಹಮಾಲಿ. ಇಪ್ಪತ್ತೈದು ವರ್ಷಗಳಿಂದ ಚೀಲ ಹೊತ್ತು ಅವನ ಎಡ ಹೆಗಲು ಬಲ ಹೆಗಲಿಗಿಂತ ಒಂದು ಬೆರಳು ಕೆಳಗಿಳಿದಿದೆ. ಅವನಿಗೆ ಅಕ್ಷರ ಬಾರದು. ಅಂಕಿ ಮಾತ್ರ ಬರುತ್ತದೆ. ತಕ್ಕಡಿಯ ಮುಂದೆ ನಿಂತರೆ ಅವನನ್ನು ಯಾರೂ ಮೋಸಗೊಳಿಸಲಾರರು. ಯಾವ ತಕ್ಕಡಿಯೇ ಆಗಲಿ, ಮಾಲು ಇಡುವ ಮೊದಲು ಅದನ್ನು ಬರಿದಾಗಿಯೇ ಒಂದು ಸಲ ನೋಡುವುದು ಅವನ ಪದ್ಧತಿ. ಹಿಂದೆ ಮುಳ್ಳು ನಡುವೆ ನಿಂತಿದೆಯೇ ಎಂದು ನೋಡುತ್ತಿದ್ದನಂತೆ. ಈಗಿನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸೊನ್ನೆ ಬಂದಿದೆಯೇ ಎಂದು ನೋಡುತ್ತಾನೆ. ಆಮೇಲೆ ಮುದ್ರೆ ಬಿದ್ದ ತೂಕದ ಕಲ್ಲೊಂದನ್ನಿಟ್ಟು ಸರಿಯಾಗಿ ತೋರುತ್ತದೆಯೇ ಎಂದು ಪರೀಕ್ಷಿಸುತ್ತಾನೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಒಬ್ಬ ವರ್ತಕರ ತಕ್ಕಡಿ ಚೀಲಕ್ಕೆ ಅರ್ಧ ಕಿಲೋ ಕಡಿಮೆ ತೋರುವುದನ್ನು ಹೀಗೆಯೇ ಕಂಡುಹಿಡಿದು, ನಾಲ್ಕು ಜನ ರೈತರೆದುರಿಗೆ ಹೇಳಿಬಿಟ್ಟನು. ಅದರ ಫಲವಾಗಿ ಹದಿನೈದು ದಿನ ಅವನಿಗೆ ಕೆಲಸ ಸಿಕ್ಕಲಿಲ್ಲ. ಆ ಹದಿನೈದು ದಿನ ನಮ್ಮ ಮನೆಯಲ್ಲಿ ರಾಗಿಯ ಅಂಬಲಿಯೊಂದೇ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಇಂಥ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ನನಗೆ ಅದರ ಹೆಮ್ಮೆಯೂ ಇದ್ದಿತು. ಹೆಮ್ಮೆಗಿಂತ ಹೆಚ್ಚಾಗಿ ಒಂದು ಬಗೆಯ ಬಿಗುಮಾನವಿದ್ದಿತು.

ಕಳೆದ ವರ್ಷ ಅವ್ವನಿಗೆ ಎದೆ ಬಡಿತ ಹೆಚ್ಚಾಯಿತು. ಊಟ ಮಾಡಿದರೂ ಮೈ ಇಳಿಯುತ್ತ ಬಂದಿತು. ಕೊರಳಿನ ಬಲಬದಿಯಲ್ಲಿ ನೆಲ್ಲಿಕಾಯಿಯಷ್ಟು ಒಂದು ಗಂಟು. ರಕ್ತ ಪರೀಕ್ಷೆ ಮಾಡಿದ ನಮ್ಮೂರಿನ ವೈದ್ಯರು, ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆಯೆಂದೂ, ಆ ಗಂಟು "ಬಿಸಿ"ಯೋ "ತಣ್ಣನೆಯದೋ" ಎಂದು ತಿಳಿಯಬೇಕೆಂದೂ ಹೇಳಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಬಿಸಿ ಎಂದರೆ ಮುಟ್ಟಿದರೆ ಸುಡುವ ಬಿಸಿಯಲ್ಲ. ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಕೊರಳಿನ ಗ್ರಂಥಿಯು ಅದನ್ನು ಅಯೊಡಿನ್ ಎಂದು ಭ್ರಮಿಸಿ ಸೆಳೆದುಕೊಳ್ಳುತ್ತದೆ. ಹೆಚ್ಚು ಸೆಳೆದ ಭಾಗ ಚಿತ್ರದಲ್ಲಿ ಉಜ್ಜ್ವಲವಾಗಿ ಕಾಣುತ್ತದೆ, ಅದು ಬಿಸಿ. ಸೆಳೆಯದ ಭಾಗ ಮಂಕಾಗಿ ಕಾಣುತ್ತದೆ, ಅದು ತಣ್ಣನೆಯದು. ಬಿಸಿ ಗಂಟು ಕ್ಯಾನ್ಸರ್ ಆಗಿರುವುದು ತೀರ ಅಪರೂಪ. ತಣ್ಣನೆಯ ಗಂಟುಗಳಲ್ಲಿಯೂ ಬಹುಪಾಲು ನಿರಪಾಯವೇ. ಆದರೆ ಅಲ್ಲಿ ಸಂಶಯಕ್ಕೆಡೆಯುಂಟು. ಇಷ್ಟನ್ನು ಕೇಳಿದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ. ಅವ್ವ ಮಾತ್ರ, "ಬಿಸಿಯೋ ತಣ್ಣಗೋ, ಇರೋದು ನನ್ನ ಕೊರಳಲ್ಲಿ ತಾನೆ? ಮಲಗ್ರೋ ಸುಮ್ನೆ" ಎಂದಳು.

ರಾತ್ರಿಯ ಬಸ್ಸು ಹತ್ತಿ, ಬುತ್ತಿ ಕಟ್ಟಿಕೊಂಡು ಮೂವರೂ ಹೊರಟೆವು. ಬೆಳಗ್ಗೆ ಎಂಟಕ್ಕೆ ಆಸ್ಪತ್ರೆಯ ನೆಲಮಾಳಿಗೆಯ ಬೆಂಚಿನ ಮೇಲೆ ಕುಳಿತೆವು. ಹತ್ತು ಹೊಡೆಯಿತು, ಹನ್ನೊಂದು ಹೊಡೆಯಿತು. ಕೊನೆಗೆ ನೆರೆಗೂದಲಿನ ತಂತ್ರಜ್ಞರೊಬ್ಬರು ಹೊರಗೆ ಬಂದು, "ಈ ದಿನ ಚಿತ್ರ ತೆಗೆಯುವುದಿಲ್ಲ. ಯಂತ್ರ ಬೆಳಗಿನ ಪರೀಕ್ಷೆಯಲ್ಲಿ ನಪಾಸಾಗಿದೆ. ನಾಳೆ ಬನ್ನಿ" ಎಂದರು.

ನನಗೆ ಎಲ್ಲಿಲ್ಲದ ರೋಷ ಉಕ್ಕಿತು. ಮಾರನೆಯ ದಿನ ನನಗೆ ಕಾಲೇಜಿನಲ್ಲಿ ಕಿರುಪರೀಕ್ಷೆಯಿದ್ದಿತು. ಅಪ್ಪನಿಗೆ ಮತ್ತೊಂದು ದಿನದ ಕೂಲಿ ಹೋಗುವುದಿತ್ತು. ಯಂತ್ರ ಓಡುತ್ತಲೇ ಇದೆ, ಅದರ ದೀಪಗಳು ಉರಿಯುತ್ತಲೇ ಇವೆ. ಬಡವರೆಂದು ತಿಳಿದೇ ನಮ್ಮನ್ನು ಅಲೆದಾಡಿಸುತ್ತಿದ್ದಾರೆಂದು ನಿಶ್ಚಯಿಸಿಬಿಟ್ಟೆನು. ಬಾಯಿಗೆ ಬಂದಂತೆ ಅರ್ಧ ಕನ್ನಡ, ಅರ್ಧ ಮುರುಕು ಇಂಗ್ಲಿಷಿನಲ್ಲಿ ಕೂಗಾಡಿದೆನು. "ನಾವೇನು ಓದುಬರಹ ಇಲ್ಲದವರೆಂದು ತಿಳಿದಿರೋ? ನಾನು ಬಿ.ಎ. ಓದುತ್ತಿದ್ದೇನೆ" ಎಂದೂ ಹೇಳಿದೆನು. ಆ ಮಾತು ಬಾಯಿಂದ ಹೊರಬಿದ್ದಾಗ ಅಪ್ಪ ತಲೆ ತಗ್ಗಿಸಿದ್ದನ್ನು ನಾನು ನೋಡಲಿಲ್ಲ. ಅವ್ವ ಆಮೇಲೆ ಹೇಳಿದಳು.

ಅಪ್ಪ ಎದ್ದು ನಿಂತು ಕೈ ಮುಗಿದು, "ಹುಡುಗ, ತಪ್ಪು ತಿಳ್ಕೋಬೇಡಿ ಸ್ವಾಮಿ. ಮಿಷನ್‌ಗೆ ಏನಾಗದೆ, ಒಸಿ ಹೇಳಿ" ಎಂದನು.

ಆ ಹಿರಿಯರು ಸಿಟ್ಟಾಗಲಿಲ್ಲ. "ಬನ್ನಿ ಯಜಮಾನರೆ, ತೋರಿಸುತ್ತೇನೆ" ಎಂದು ನಮ್ಮಿಬ್ಬರನ್ನೂ ಗಾಜಿನ ಕಿಟಕಿಯ ಬಳಿಯಿದ್ದ ಗಣಕಯಂತ್ರದ ಮುಂದೆ ನಿಲ್ಲಿಸಿದರು. ಅಂದು ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಆ ಯಂತ್ರದ ಹೆಸರು ಗಾಮಾ ಕ್ಯಾಮೆರಾ. ಅದರ ಹೊಟ್ಟೆಯೊಳಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ತೆಳುವಾದ, ಕಿಟಕಿಯ ಗಾಜಿನಷ್ಟು ಅಗಲವಾದ ಒಂದು ಹರಳಿನ ಹಲಗೆಯಿದೆ. ಅದು ಸೋಡಿಯಂ ಅಯೊಡೈಡ್. ನಮ್ಮ ಅಡುಗೆಯ ಉಪ್ಪಿನ ದಾಯಾದಿ. ಅದಕ್ಕೆ ಹೆಪ್ಪು ಹಾಕಿದಂತೆ ಚೂರು ಥ್ಯಾಲಿಯಂ ಬೆರೆಸಿರುತ್ತಾರೆ. ಕಣ್ಣಿಗೆ ಕಾಣದ ಗಾಮಾ ಕಿರಣವೊಂದು ಈ ಹರಳಿಗೆ ಬಿದ್ದರೆ ಹರಳು ಕ್ಷಣಮಾತ್ರ ನೀಲಿಯಾಗಿ ಮಿನುಗುತ್ತದೆ. ಆ ಮಿನುಗಿನ ಬಹುಪಾಲು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದೊಳಗೆ ಮುಗಿದುಹೋಗುತ್ತದೆ. ಟೆಕ್ನೀಷಿಯಂನಿಂದ ಹೊರಡುವ ಕಿರಣದ ಶಕ್ತಿ 140 ಕಿಲೋ ಎಲೆಕ್ಟ್ರಾನ್ ವೋಲ್ಟ್. ಈ ಹರಳು ಪ್ರತಿ ಕಿಲೋ ಎಲೆಕ್ಟ್ರಾನ್ ವೋಲ್ಟಿಗೆ ಸುಮಾರು 38 ಬೆಳಕಿನ ಕಣಗಳನ್ನು ಕೊಡುತ್ತದೆ. ಎಂದರೆ ಒಂದು ಕಿರಣಕ್ಕೆ ಐದು ಸಾವಿರ ಚಿಲ್ಲರೆ ಬೆಳಕಿನ ಕಣಗಳು. ಹರಳಿನ ಹಿಂದೆ ಜೇನುಗೂಡಿನಂತೆ ಸಾಲಾಗಿ ಜೋಡಿಸಿದ ಹತ್ತಾರು ಫೋಟೊಮಲ್ಟಿಪ್ಲಯರ್ ಕೊಳವೆಗಳು ಆ ಬೆಳಕನ್ನು ಹಿಡಿದು ವಿದ್ಯುತ್ತಿನ ತುಡಿತವನ್ನಾಗಿ ಮಾಡುತ್ತವೆ. ಯಾವ ಕೊಳವೆಗೆ ಎಷ್ಟು ಬೆಳಕು ಬಿದ್ದಿತೆಂಬುದರಿಂದ ಕಿರಣ ಎಲ್ಲಿ ತಾಕಿತೆಂಬುದು ತಿಳಿಯುತ್ತದೆ. ಒಟ್ಟು ಬೆಳಕಿನಿಂದ ಅದರ ಶಕ್ತಿ ತಿಳಿಯುತ್ತದೆ. ಈ ಉಪಾಯವನ್ನು 1950ರ ದಶಕದ ಕೊನೆಯಲ್ಲಿ ಬರ್ಕ್ಲಿಯಲ್ಲಿ ಹಾಲ್ ಆಂಗರ್ ಎಂಬವರು ಸಾಧಿಸಿದರು.

ಇನ್ನು ನಪಾಸಾದ ಕಥೆ. ಪ್ರತಿದಿನ ಬೆಳಗ್ಗೆ ರೋಗಿಗಳನ್ನು ಕರೆಯುವ ಮೊದಲು ಕೋಬಾಲ್ಟ್-57ನ್ನು ಎಲ್ಲ ಕಡೆಗೂ ಸಮನಾಗಿ ಬೆರೆಸಿದ ಹಲಗೆಯೊಂದನ್ನು ಕ್ಯಾಮೆರಾದ ಮುಂದಿಡುತ್ತಾರೆ. ಮೂಲ ಸಮನಾಗಿರುವುದರಿಂದ ಚಿತ್ರವೂ ಸಗಣಿ ಸಾರಿಸಿದ ಅಂಗಳದಂತೆ ಒಂದೇ ಸಮನಾಗಿರಬೇಕು. ಅಂದು ತೆರೆಯ ಮೇಲೆ ಬಲಬದಿಗೆ ರೂಪಾಯಿ ನಾಣ್ಯದಷ್ಟಗಲ ಒಂದು ಮಬ್ಬು ಕಲೆ ಕಾಣುತ್ತಿದ್ದಿತು. ಹಿಂದಿನ ರಾತ್ರಿ ಕೋಣೆಯ ಹವಾನಿಯಂತ್ರಣ ನಿಂತುಹೋಗಿ ಕಾವು ಏರಿದ್ದಿತು. ಹರಳು ಕೊಡುವ ಬೆಳಕೂ ಕೊಳವೆಗಳ ವರ್ಧನೆಯೂ ಕಾವಿಗೆ ತಕ್ಕಂತೆ ಬದಲಾಗುತ್ತವೆ. ಎಲ್ಲವೂ ಒಂದೇ ಸಮನಾಗಿ ಬದಲಾದರೆ ತಿದ್ದುವುದು ಸುಲಭ. ಆದರೆ ಒಂದು ಕೊಳವೆ ಮಾತ್ರ ಉಳಿದವುಗಳಿಂದ ಬೇರೆಯಾಗಿ ಜಾರಿಬಿಟ್ಟಿದ್ದಿತು. ಟೆಕ್ನೀಷಿಯಂನ ಚಿತ್ರ ತೆಗೆಯುವಾಗ ಯಂತ್ರವು 140ಕ್ಕೆ ಶೇಕಡಾ 10ರಷ್ಟು ಮೇಲೆ ಕೆಳಗೆ, ಎಂದರೆ 126ರಿಂದ 154ರವರೆಗಿನ ತುಡಿತಗಳನ್ನು ಮಾತ್ರ ಒಳಗೆ ಬಿಡುತ್ತದೆ. ಜಾರಿದ ಕೊಳವೆಯೆದುರು ಬಿದ್ದ ಕಿರಣಗಳಲ್ಲಿ ಎಷ್ಟೋ ಈ ಬಾಗಿಲಿನಿಂದಾಚೆಗೇ ಉಳಿದುಹೋಗುತ್ತವೆ. ಅಲ್ಲಿ ಕಿರಣ ಇಲ್ಲವೆಂದಲ್ಲ. ಇದ್ದರೂ ಎಣಿಕೆಗೆ ಬರಲಿಲ್ಲವೆಂದು ಅರ್ಥ.

ಹಿರಿಯರು ಆ ಕಲೆಯ ಮೇಲೆ ಬೆರಳಿಟ್ಟು, "ಈ ಜಾಗಕ್ಕೆ ಸರಿಯಾಗಿ ನಿಮ್ಮ ಮನೆಯವರ ಗಂಟು ಬಂದರೆ, ಬಿಸಿ ಗಂಟೂ ತಣ್ಣಗೆ ಕಂಡೀತು. ಆಮೇಲೆ ಏನು ಗತಿ?" ಎಂದರು.

ನಾನಿನ್ನೂ ಕಲೆಯನ್ನೇ ನೋಡುತ್ತ ನಿಂತಿದ್ದೆನು. ಅಪ್ಪನಿಗೆ ಅಷ್ಟರಲ್ಲೇ ಅರ್ಥವಾಗಿಹೋಗಿದ್ದಿತು. "ಓ, ಬರೀ ತಕ್ಕಡಿ ನೋಡಿದ್ದೀರಿ ಅನ್ನಿ! ಮುಳ್ಳು ನಡೂಗೆ ನಿಂತಿಲ್ಲ. ಹಂಗಿದ್ಮೇಲೆ ಮಾಲು ಇಡಬಾರ್ದು. ಸರಿ ಸ್ವಾಮಿ, ನಾಳೀಕೆ ಬತ್ತೀವಿ" ಎಂದನು.

ಆ ಹಿರಿಯರು ಒಂದು ಗಳಿಗೆ ಸುಮ್ಮನಿದ್ದು, "ಇಷ್ಟು ವರ್ಷದಲ್ಲಿ ಒಂದೇ ಮಾತಿಗೆ ಇದನ್ನು ತಿಳಿದುಕೊಂಡವರು ನೀವೇ ಯಜಮಾನರೆ" ಎಂದರು. ಬಿ.ಎ. ವಿದ್ಯಾರ್ಥಿಯಾದ ನಾನು ಪಕ್ಕದಲ್ಲಿ ಕಂಬದಂತೆ ನಿಂತಿದ್ದೆನು.

ಆ ರಾತ್ರಿ ಬಸ್ ನಿಲ್ದಾಣದಲ್ಲಿ ಅವ್ವನನ್ನು ನಡುವೆ ಮಲಗಿಸಿಕೊಂಡು ಕಳೆದೆವು. ಮರುದಿನ ಯಂತ್ರವನ್ನು ತಿದ್ದಿ ಮತ್ತೆ ಪರೀಕ್ಷಿಸಿದ್ದರು, ಅಂಗಳ ಸಮನಾಗಿದ್ದಿತು. ಅವ್ವನಿಗೆ ಚುಚ್ಚುಮದ್ದು ಕೊಟ್ಟು, ಇಪ್ಪತ್ತು ನಿಮಿಷ ಕೂರಿಸಿ, ಚಿತ್ರ ತೆಗೆದರು. ಗಂಟು ದೀಪದಂತೆ ಬೆಳಗುತ್ತಿದ್ದಿತು. ಬಿಸಿ ಗಂಟು.

ಊರಿಗೆ ಬಂದ ಮೇಲೆ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ನೆರೆಯ ವಿಜ್ಞಾನ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರನ್ನು ಕಂಡು, "ಆ ಹರಳನ್ನು ಅಳೆಯುವುದು ಹೇಗೆಂದು ನಾನು ನೋಡಬಹುದೇ?" ಎಂದು ಕೇಳಿದೆನು. ಕಲಾ ವಿದ್ಯಾರ್ಥಿಯೆಂದು ಅವರು ನಗಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಪ್ರಯೋಗಾಲಯಕ್ಕೆ ಕರೆದರು.

ಅಲ್ಲಿದ್ದ ಹರಳು ಚಿಕ್ಕದು. ಅಲ್ಯುಮಿನಿಯಂ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿದ್ದರು. ಮಳೆಗಾಲದಲ್ಲಿ ಉಪ್ಪು ನೀರೊಡೆಯುವಂತೆ ಈ ಹರಳೂ ಗಾಳಿಯ ತೇವವನ್ನು ಹೀರಿ ಕೆಡುತ್ತದೆಯಂತೆ. ಕೊಳವೆಗೆ ವಿದ್ಯುತ್ತು ಕೊಟ್ಟು ಅರ್ಧ ಗಂಟೆ ಸುಮ್ಮನೆ ಕುಳಿತೆವು. ಅದು ಸ್ತಿಮಿತಕ್ಕೆ ಬರಬೇಕು. ಆಮೇಲೆ ಯಾವ ವಿಕಿರಣ ಮೂಲವನ್ನೂ ಇಡದೆ ಹತ್ತು ನಿಮಿಷ ಎಣಿಸಿದರು. ಬರಿದಾಗಿದ್ದರೂ ಎಣಿಕೆ ಏರುತ್ತಲೇ ಇದ್ದಿತು! ಗೋಡೆಯ ಇಟ್ಟಿಗೆಯಲ್ಲಿ, ನೆಲದಲ್ಲಿ, ನಮ್ಮಿಬ್ಬರ ಮೈಯಲ್ಲಿಯೂ ಇರುವ ಪೊಟ್ಯಾಸಿಯಂ-40 ಮೊದಲಾದವುಗಳ ಕಿರಣಗಳು, ಆಕಾಶದಿಂದ ಸುರಿಯುವ ವಿಶ್ವಕಿರಣಗಳು, ಇವೆಲ್ಲ ಸೇರಿ ಆ ಎಣಿಕೆ. ಇದನ್ನು ಮೊದಲು ಬರೆದಿಟ್ಟುಕೊಂಡು ಕೊನೆಗೆ ಕಳೆಯಬೇಕು. ಖಾಲಿ ಚೀಲದ ತೂಕ ಕಳೆದಂತೆ ಎಂದುಕೊಂಡೆನು.

ಬಳಿಕ ಸೀಸಿಯಂ-137ರ ಗುಂಡಿಯಷ್ಟು ಮೂಲವನ್ನು ಹರಳಿನೆದುರಿಗಿಟ್ಟರು. ತೆರೆಯ ಮೇಲೆ ಚುಕ್ಕೆಗಳು ಕೂಡುತ್ತ ಕೂಡುತ್ತ ಎಡಕ್ಕೆ ತಗ್ಗಾದ ದಿಬ್ಬವೊಂದು, ಬಲಕ್ಕೆ ಎತ್ತರದ ಗುಡ್ಡವೊಂದು ಮೂಡಿದವು. ಕಿರಣವು ತನ್ನ 662 ಕಿಲೋ ಎಲೆಕ್ಟ್ರಾನ್ ವೋಲ್ಟನ್ನೂ ಹರಳಿಗೆ ಒಪ್ಪಿಸಿದಾಗ ಎಣಿಕೆ ಗುಡ್ಡಕ್ಕೆ ಸೇರುತ್ತದೆ. ಒಂದು ಪಾಲನ್ನಷ್ಟೇ ಕೊಟ್ಟು ಉಳಿದುದರೊಡನೆ ಹೊರಗೆ ಹಾರಿಹೋದಾಗ ದಿಬ್ಬಕ್ಕೆ ಸೇರುತ್ತದೆ. ಒಂದೇ ಶಕ್ತಿಯ ಕಿರಣವಾದ ಮೇಲೆ ಗುಡ್ಡವೇಕೆ, ಒಂದು ಗೆರೆ ಸಾಲದೆ ಎಂದು ಕೇಳಿದೆನು. ಅಧ್ಯಾಪಕರು ಹೇಳಿದರು: "ಒಂದು ಕಿರಣಕ್ಕೆ ಸುಮಾರು ಇಪ್ಪತ್ತೈದು ಸಾವಿರ ಬೆಳಕಿನ ಕಣ ಹುಟ್ಟುತ್ತವೆ. ಕೊಳವೆ ಅದರಲ್ಲಿ ಒಂದು ಪಾಲನ್ನು ಮಾತ್ರ ಹಿಡಿಯುತ್ತದೆ. ಪ್ರತಿ ಸಲವೂ ಅಷ್ಟೇ ಸಿಕ್ಕುವುದಿಲ್ಲ. ಒಂದು ಸಲ ನಾಲ್ಕು ಹೆಚ್ಚು, ಒಂದು ಸಲ ನಾಲ್ಕು ಕಡಿಮೆ. ಬೊಗಸೆಯಲ್ಲಿ ರಾಗಿ ಮೊಗೆದಂತೆ."

ಗುಡ್ಡದ ಅಗಲವನ್ನು ಅದರ ಅರ್ಧ ಎತ್ತರದಲ್ಲಿ ಅಳೆದು, ತುದಿಯಿರುವ ಸ್ಥಾನದಿಂದ ಭಾಗಿಸುವ ಲೆಕ್ಕವನ್ನು ನನ್ನ ಕೈಯಲ್ಲೇ ಮಾಡಿಸಿದರು. ತುದಿ 331ನೆಯ ಮನೆಯಲ್ಲಿದ್ದಿತು. ಅಗಲ 24 ಮನೆ. ಉತ್ತರ ಶೇಕಡಾ 7.25. ಈ ಬಗೆಯ ಹರಳಿಗೆ ಶೇಕಡಾ 7ರ ಆಸುಪಾಸು ಒಳ್ಳೆಯ ಅಂಕ. ಇಲ್ಲಿ ಅಂಕ ಕಡಿಮೆಯಾದಷ್ಟೂ ಜಾಣ. ಬಳಿಕ ಕೋಬಾಲ್ಟ್-60ನ್ನು ಇಟ್ಟರು. 1173 ಮತ್ತು 1332 ಶಕ್ತಿಯ ಎರಡು ಗುಡ್ಡಗಳು ಅವಳಿಗಳಂತೆ ಎದ್ದವು. ಇವು ತೂಕದ ಕಲ್ಲುಗಳು. ಶಕ್ತಿ ತಿಳಿದ ಕಿರಣಗಳು ಎಲ್ಲೆಲ್ಲಿ ಬಿದ್ದವೆಂದು ಗುರುತಿಸಿ ಗೆರೆಯೆಳೆದರೆ ತಿಳಿಯದ ಕಿರಣವನ್ನು ತೂಗಬಹುದು. ಆದರೆ ಈ ಹರಳುಗಳಲ್ಲಿ ಒಂದು ವಕ್ರತೆಯುಂಟು: ಶಕ್ತಿ ಇಮ್ಮಡಿಯಾದರೆ ಬೆಳಕು ಕರಾರುವಾಕ್ಕಾಗಿ ಇಮ್ಮಡಿಯಾಗುವುದಿಲ್ಲ. ಆದುದರಿಂದ ಯಾವ ಶಕ್ತಿಯನ್ನು ಅಳೆಯಬೇಕಾಗಿದೆಯೋ ಅದರ ಹತ್ತಿರದ ಕಲ್ಲಿನಿಂದಲೇ ಪರೀಕ್ಷಿಸುವುದು ವಿವೇಕ. ರಾತ್ರಿ ಇದನ್ನು ಅಪ್ಪನಿಗೆ ಹೇಳಿದರೆ, "ಮತ್ತೆ? ಐವತ್ತು ಕೇಜಿಗೆ ಸರಿಯಿರೋ ತಕ್ಕಡಿ ಐದು ಕೇಜಿಗೆ ಸುಳ್ಳು ಹೇಳ್ತದೆ. ಅದೇನು ದೊಡ್ಡ ಇಸ್ಯ" ಎಂದು ಮಗ್ಗುಲಾದನು.

ನಾನು ಇತಿಹಾಸದ ವಿದ್ಯಾರ್ಥಿ. ಆದುದರಿಂದ ಈ ಮಿನುಗಿನ ಇತಿಹಾಸವನ್ನೂ ಸ್ವಲ್ಪ ಹುಡುಕಿದೆನು. 1903ರಲ್ಲಿ ವಿಲಿಯಂ ಕ್ರೂಕ್ಸರು ಸತುವಿನ ಸಲ್ಫೈಡ್ ಬಳಿದ ಪರದೆಯ ಮುಂದೆ ರೇಡಿಯಂ ಚೂರನ್ನಿಟ್ಟು, ಒಂದೊಂದು ಆಲ್ಫಾ ಕಣ ಬಿದ್ದಾಗಲೂ ಒಂದೊಂದು ಕಿಡಿ ಮಿಂಚುವುದನ್ನು ಭೂತಗನ್ನಡಿಯಲ್ಲಿ ಕಂಡರು. 1909ರಲ್ಲಿ ಮ್ಯಾಂಚೆಸ್ಟರಿನ ರುದರ್‌ಫೋರ್ಡರ ಪ್ರಯೋಗಾಲಯದಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಎಂಬಿಬ್ಬರು ಕತ್ತಲ ಕೋಣೆಯಲ್ಲಿ ಕುಳಿತು, ಕಣ್ಣು ಕತ್ತಲೆಗೆ ಹೊಂದುವವರೆಗೆ ಕಾದು, ಇಂಥ ಕಿಡಿಗಳನ್ನು ಒಂದೊಂದಾಗಿ ಎಣಿಸಿದರು. ಲೋಹದ ತಗಡಿಗೆ ಬಡಿದ ಕಣಗಳಲ್ಲಿ ಸುಮಾರು 8,000ಕ್ಕೆ ಒಂದು ಹಿಂದಿರುಗಿ ಬರುವುದನ್ನು ಕಂಡರು. ಪರಮಾಣುವಿನ ನಡುವೆ ಒಂದು ಗಟ್ಟಿ ಬೀಜವಿದೆಯೆಂದು ರುದರ್‌ಫೋರ್ಡರು 1911ರಲ್ಲಿ ಹೇಳಿದ್ದು ಈ ಎಣಿಕೆಯ ಬಲದಿಂದ. ಆಗ ಮಾರ್ಸ್‌ಡೆನ್‌ಗೆ ಇಪ್ಪತ್ತು ವರ್ಷ, ಇನ್ನೂ ವಿದ್ಯಾರ್ಥಿ. ನನ್ನ ವಯಸ್ಸಿನವನೇ ಎಂದು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆನು.

ಆದರೆ ಕಣ್ಣೂ ಒಂದು ತಕ್ಕಡಿಯಲ್ಲವೆ? 1920ರ ದಶಕದಲ್ಲಿ ಹಗುರ ಪರಮಾಣುಗಳನ್ನು ಒಡೆಯುವ ವಿಷಯದಲ್ಲಿ ವಿಯೆನ್ನಾದವರ ಎಣಿಕೆಗೂ ಕೇಂಬ್ರಿಜ್‌ನವರ ಎಣಿಕೆಗೂ ತಾಳೆಯಾಗಲಿಲ್ಲ. 1927ರ ಡಿಸೆಂಬರಿನಲ್ಲಿ ಜೇಮ್ಸ್ ಚಾಡ್ವಿಕ್ ವಿಯೆನ್ನಾಕ್ಕೆ ಹೋಗಿ, ಎಣಿಸುವವರಿಗೆ ಎಷ್ಟು ಕಿಡಿಗಳನ್ನು ನಿರೀಕ್ಷಿಸಬೇಕೆಂಬುದೇ ತಿಳಿಯದಂತೆ ಏರ್ಪಾಟು ಮಾಡಿ ಎಣಿಸಿದರು. ಹೆಚ್ಚಿನ ಕಿಡಿಗಳು ಮಾಯವಾದವು. ಎಣಿಸಿದವರು ಸುಳ್ಳರಲ್ಲ, ಕಾಣಬೇಕೆಂದು ಮೊದಲೇ ತಿಳಿದಿದ್ದುದನ್ನು ಕಣ್ಣು ಕಂಡಿತು, ಅಷ್ಟೆ. 1944ರಲ್ಲಿ ಕರನ್ ಮತ್ತು ಬೇಕರ್ ಎಂಬವರು ಕಣ್ಣಿನ ಸ್ಥಾನದಲ್ಲಿ ಫೋಟೊಮಲ್ಟಿಪ್ಲಯರ್ ಕೊಳವೆಯನ್ನಿಟ್ಟರು. 1948ರಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೊಡೈಡ್ ಹರಳಿನ ಗುಣವನ್ನು ಲೋಕಕ್ಕೆ ತಿಳಿಸಿದರು. ಇದಕ್ಕಿಂತ ಸೂಕ್ಷ್ಮವಾದ ಲ್ಯಾಂಥನಂ ಬ್ರೋಮೈಡ್, ಇದಕ್ಕಿಂತ ಭಾರವಾದ ಬಿಸ್ಮತ್ ಜರ್ಮನೇಟ್ ಮೊದಲಾದ ಹರಳುಗಳು ಆಮೇಲೆ ಬಂದಿವೆ. ಆದರೂ ಮುಕ್ಕಾಲು ಶತಮಾನ ಕಳೆದ ಮೇಲೂ ನಮ್ಮವ್ವನ ಕೊರಳ ಮುಂದೆ ನಿಂತದ್ದು ಈ ಹಳೆಯ ಹರಳೇ.

ಈಗ ಅವ್ವ ಮಾತ್ರೆ ನುಂಗುತ್ತಿದ್ದಾಳೆ. ಎದೆ ಬಡಿತ ಹಿಡಿತಕ್ಕೆ ಬಂದಿದೆ. ಮೈಯಲ್ಲಿ ಸ್ವಲ್ಪ ಕಸುವು ಕೂಡಿದೆ. ಮುಂದಿನ ಚಿಕಿತ್ಸೆಯನ್ನು ವೈದ್ಯರು ನೋಡಿ ಹೇಳುವರಂತೆ. ತಪ್ಪಿಹೋದ ನನ್ನ ಕಿರುಪರೀಕ್ಷೆಯನ್ನು ನಮ್ಮ ಅಧ್ಯಾಪಕರು ದಯೆಯಿಟ್ಟು ಮತ್ತೆ ನಡೆಸಿಕೊಟ್ಟರು.

ವಾಚಕ ಮಹಾಶಯರೆ, ಆ ನೆಲಮಾಳಿಗೆಯಲ್ಲಿ ನಾನು ಕೂಗಾಡಿದ್ದನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ. ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಅಂದು ನಾನು ಒಂದೇ ನೋಟಕ್ಕೆ ತೂಗಿ, ವಂಚಕನೆಂದು ತೀರ್ಪು ಕೊಟ್ಟಿದ್ದೆನು. ತೂಗುವ ಮೊದಲು ನನ್ನ ಮುಳ್ಳು ಎಲ್ಲಿ ನಿಂತಿದೆಯೆಂದು ನೋಡಿಕೊಳ್ಳಲಿಲ್ಲ. ಅದು ಹಸಿವೆಯ ಕಡೆಗೆ, ಭಯದ ಕಡೆಗೆ, ಬಿ.ಎ. ಎಂಬ ಬಿಗುಮಾನದ ಕಡೆಗೆ ಮೊದಲೇ ವಾಲಿದ್ದಿತು.

ಎರಡು ತಿಂಗಳ ಹಿಂದೆ ಅವ್ವನನ್ನು ಮತ್ತೆ ತೋರಿಸಲು ಹೋದಾಗ ಆ ಹಿರಿಯರನ್ನು ಕಂಡು ಕ್ಷಮೆ ಕೇಳಿದೆನು. ಅವರಿಗೆ ನನ್ನ ಕೂಗಾಟ ನೆನಪಿರಲಿಲ್ಲ. ಅಪ್ಪನ ಮಾತು ನೆನಪಿದ್ದಿತು. "ನಿಮ್ಮ ತಂದೆಯವರು ಬಂದಿಲ್ಲವೆ?" ಎಂದು ಕೇಳಿದರು. ಅಪ್ಪನಿಗೆ ಅಂದು ಮಂಡಿಯಲ್ಲಿ ಕೆಲಸವಿದ್ದಿತು. ಅವನು ಕಳಿಸಿದ್ದ ಕೊಬ್ಬರಿಯ ಪೊಟ್ಟಣವನ್ನು ಅವರ ಕೈಗಿತ್ತೆನು. ಅದರ ಮೇಲೆ ಅಪ್ಪ ತನಗೆ ಬರುವ ಅಂಕಿಯಲ್ಲಿ ತೂಕ ಬರೆದಿದ್ದನು. ಎರಡು ಕೇಜಿ, ಪೊಟ್ಟಣದ ತೂಕ ಕಳೆದು.